ಎದೆಯ ಗಂಟು

ಬೇಲೂರು
೧೪–೬–೧೯೫೭

ಗಂಡಸಿಯ ಶ್ರೀಮತಿ ಹುಚ್ಚಮ್ಮನವರಿಗೆ ಬೇಲೂರಿನ ಭಾಷ್ಯಂ ಮಾಡುವ ನಮಸ್ಕಾರಗಳು.

ತಮಗೆ ನನ್ನ ಪರಿಚಯವಿಲ್ಲ. ಇಲ್ಲಿ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೇನೆ. ಬೆಳಗಿನ ಹೊತ್ತು ದೇವಸ್ಥಾನದಲ್ಲಿ ಆಳ್ವಾರರ ದಿವ್ಯಪ್ರಬಂಧ ಹೇಳುವ ಗೋಷ್ಠಿಯಲ್ಲಿ ಕೂರುತ್ತೇನೆ. ತಮ್ಮ ವಿಳಾಸ ಕೊಟ್ಟವರು ಹಾಸನದ ಡಾಕ್ಟರ್ ಇಂದುಧರ ಅವರು. ಹಿಂದೆ ತಮಗೆ ಆಪರೇಷನ್ ಮಾಡಿದ್ದು ಅವರೇ ಎಂದೂ, ‘ಇದೇ ಕಾಯಿಲೆ ಬಂದು ಯಾರಾದರೂ ಹೆದರಿಕೊಂಡರೆ ನನಗೆ ತಿಳಿಸಿ’ ಎಂದು ತಾವು ಹೇಳಿದ್ದೀರೆಂದೂ ಅವರು ಹೇಳಿದರು. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ನನ್ನ ಹೆಂಡತಿ ಶ್ರೀರಂಗಮ್ಮನಿಗೆ ಎಡ ಎದೆಯಲ್ಲಿ ಒಂದು ಗಂಟಾಗಿದೆ. ಮೊದಲು ಹುಣಸೆಬೀಜದಷ್ಟಿತ್ತು, ಈಗ ನೆಲ್ಲಿಕಾಯಿಯಷ್ಟಾಗಿದೆ. ನೋವಿಲ್ಲ. ನೋವಿಲ್ಲವೆಂದೇ ಇಷ್ಟು ದಿನ ಸುಮ್ಮನಿದ್ದದ್ದು. ಹೋದ ತಿಂಗಳು ಡಾಕ್ಟರು ಅದರ ಒಂದು ಚೂರನ್ನು ತೆಗೆದು ಮೈಸೂರಿಗೆ ಪರೀಕ್ಷೆಗೆ ಕಳಿಸಿದ್ದರು. ಮೊನ್ನೆ ಉತ್ತರ ಬಂತು. ಕ್ಯಾನ್ಸರ್ ಎಂದರು.

ಆಮೇಲೆ ಅವರು ಬಹಳ ಹೊತ್ತು ಮಾತಾಡಿದರು. ತುಟಿ ಆಡುವುದು ಕಾಣುತ್ತಿತ್ತು, ಮಾತು ಒಂದೂ ಕಿವಿಗೆ ಬೀಳಲಿಲ್ಲ. ಹೊರಗೆ ಬಂದು ಬಸ್ಸು ಹತ್ತಿ ಕೂತೆ. ಟಿಕೆಟ್ಟಿಗೆ ಬಂದ ಕಂಡಕ್ಟರು, ‘ಬೇಲೂರಾ? ಇದು ಹೊಳೆನರಸೀಪುರದ ಗಾಡಿ ಸ್ವಾಮಿ’ ಎಂದು ನಡುದಾರಿಯಲ್ಲಿ ಇಳಿಸಿದ. ಬಿಸಿಲಿನಲ್ಲಿ ಒಂದು ಕಲ್ಲಿನ ಮೇಲೆ ಕೂತಿದ್ದೆ. ಮನೆಗೆ ಹೇಗೆ ಬಂದೆನೆಂದು ಕೇಳಿದರೆ ಈಗಲೂ ಹೇಳಲು ತಿಳಿಯದು.

ಆಪರೇಷನ್ ಆದಮೇಲೆ ಬದುಕು ಹೇಗಿರುತ್ತದೆ? ಕೈ ಎತ್ತಲು ಆಗುತ್ತದೆಯೇ? ಜನಕ್ಕೆ ಗೊತ್ತಾಗುತ್ತದೆಯೇ? ತಮಗೆ ಸಂಕೋಚವಾಗುವುದನ್ನು ಬರೆಯಬೇಡಿ. ಬರೆಯಬಹುದಾದದ್ದನ್ನು ದಯವಿಟ್ಟು ಬರೆಯಿರಿ.

ತಮ್ಮ ವಿಧೇಯ,
ಭಾಷ್ಯಂ


ಗಂಡಸಿ
೨೬–೬–೧೯೫೭

ಬೇಲೂರಿನ ಭಾಷ್ಯಂ ಅಯ್ನೋರಿಗೆ ಹುಚ್ಚಮ್ಮನ ನಮಸ್ಕಾರ.

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವಳು, ಬರವಣಿಗೆ ನೆಟ್ಟಗಿರುವುದಿಲ್ಲ, ಹೊಂದಿಸಿಕೊಂಡು ಓದಿ.

ಮೊದಲು ನಿಮ್ಮ ಮನೆಯವರಿಗೆ ಇದನ್ನು ಹೇಳಿ: ಗಂಡಸಿಯಲ್ಲಿ ಹುಚ್ಚಮ್ಮ ಅಂತ ಒಬ್ಬಳಿದ್ದಾಳೆ, ಅವಳಿಗೂ ಇದೇ ಆಗಿತ್ತು, ಆರು ವರ್ಷದಿಂದ ಬದುಕಿದ್ದಾಳೆ, ಇವತ್ತು ಬೆಳಿಗ್ಗೆ ತೋಟದಲ್ಲಿ ಬಿದ್ದ ತೆಂಗಿನ ಗರಿಯೆಲ್ಲ ತಾನೇ ಎಳೆದು ಬದುವಿಗೆ ಹಾಕಿ ಬಂದಿದ್ದಾಳೆ. ಮಿಕ್ಕಿದ್ದು ಆಮೇಲೆ.

ನನ್ನ ಯಜಮಾನರು ತೀರಿಕೊಂಡ ಮರುವರ್ಷ ಇದು ಬಂತು. ಊರಲ್ಲಿ ಒಬ್ಬೊಬ್ಬರು ಒಂದೊಂದು ಅಂದರು. ನನ್ನ ತಮ್ಮ ಕೆಂಚಪ್ಪ, ‘ಅಕ್ಕ, ಸಾಯೋದಾದ್ರೆ ಡಾಕ್ಟ್ರ ಮುಂದೆ ಸಾಯಿ, ಇಲ್ಲಿ ಬ್ಯಾಡ’ ಅಂತ ಗಾಡಿ ಕಟ್ಟಿ ನನ್ನನ್ನು ಹಾಸನಕ್ಕೆ ಕರೆದುಕೊಂಡು ಹೋದ. ಆಪರೇಷನ್ ಆದಮೇಲೆ ಎದೆಯ ಮೇಲೆ ಕಲ್ಲುಚಪ್ಪಡಿ ಇಟ್ಟ ಹಾಗೆ ಆಗುತ್ತದೆ. ಕೈ ಮೇಲಕ್ಕೆ ಏಳುವುದಿಲ್ಲ. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಗೋಡೆಯ ಮೇಲೆ ಹತ್ತಿಸುತ್ತ ಹೋಗಬೇಕು. ಎಲ್ಲಿವರೆಗೆ ಹೋಯಿತೋ ಅಲ್ಲಿ ಇದ್ದಿಲಿನಲ್ಲಿ ಗೆರೆ ಎಳೆಯಬೇಕು. ಮಾರನೇ ದಿನ ಆ ಗೆರೆ ದಾಟಬೇಕು. ನಾನು ಅಳುತ್ತ ದಾಟಿದ್ದೇನೆ. ಅಳುವುದಕ್ಕೆ ನಾಚಿಕೆ ಬೇಡ ಅಂತ ಹೇಳಿ.

ಹೊರಗೆ ಹೋಗುವಾಗ ಹತ್ತಿ ತುಂಬಿದ ಪುಟ್ಟ ದಿಂಬು ಹೊಲಿದು ರವಿಕೆಯೊಳಗೆ ಇಟ್ಟುಕೊಳ್ಳುತ್ತೇನೆ. ಇದನ್ನು ಪರಗಂಡಸಿಗೆ ಬರೆಯುತ್ತಿದ್ದೇನಲ್ಲ ಅಂತ ಲೇಖನಿ ನಿಂತಿತು. ಆದರೆ ಆ ತಾಯಿ ಅಲ್ಲಿ ಒಬ್ಬಳೇ ಕೂತು ಏನೇನು ಯೋಚಿಸುತ್ತಿದ್ದಾಳೋ ಅಂತ ಬರೆದೆ.

ಅವರ ಕೈಯಲ್ಲೇ ನಾಲ್ಕು ಸಾಲು ಬರೆಸಿ. ಹೆಂಗಸು ಹೆಂಗಸಿಗೆ ಬರೆಯುವುದು ಬೇರೆ.

ಹುಚ್ಚಮ್ಮ


ಬೇಲೂರು
೧೨–೭–೧೯೫೭

ಹುಚ್ಚಮ್ಮನವರಿಗೆ ನಮಸ್ಕಾರಗಳು.

ತಮ್ಮ ಕಾಗದ ನಮಗೆ ಎಷ್ಟು ಆಸರೆಯಾಯಿತೆಂದು ಬರೆಯಲು ನನಗೆ ಶಕ್ತಿಯಿಲ್ಲ. ಗರಿ ಎಳೆದು ಬದುವಿಗೆ ಹಾಕಿದಿರೆಂಬ ಮಾತನ್ನು ಕಚೇರಿಯಲ್ಲಿ ಕೂತಾಗಲೂ ನೆನೆಯುತ್ತೇನೆ. ಶ್ರೀರಂಗಮ್ಮ ಸದ್ಯಕ್ಕೆ ಬರೆಯುವ ಸ್ಥಿತಿಯಲ್ಲಿಲ್ಲ. ಅವಳಿಗೆ ಕೈ ನಡುಗುತ್ತದೆ.

ಕೆಲವು ಪ್ರಶ್ನೆಗಳಿವೆ. ತಪ್ಪು ತಿಳಿಯಬೇಡಿ. ಗಾಯ ಮಾಗಿದ ಮೇಲೆ ಮೈಮೇಲೆ ಬಟ್ಟೆ ಇಲ್ಲದಾಗ ಅದು ದೂರದಿಂದಲೇ ಕಾಣುತ್ತದೆಯೇ? ಒಂದು ಪಂಚೆಯನ್ನು ಹೊದ್ದರೆ ಮುಚ್ಚುತ್ತದೆಯೇ? ಅಂಗದಲ್ಲಿ ಊನವಾದವರು ದೇವರ ಸಮ್ಮುಖದಲ್ಲಿ ಕೂರಬಾರದೆಂದು ಹಳಬರು ಹೇಳುವುದುಂಟು. ಹಾಗೆ ತಮಗೆ ಯಾರಾದರೂ ಅಂದದ್ದುಂಟೇ? ಭಾರವಾದ ಕಾಗದದ ಕಟ್ಟುಗಳನ್ನು ಮೇಲಿನ ಹಲಗೆಯಿಂದ ಇಳಿಸುವುದು ಸಾಧ್ಯವೇ?

ಆಪರೇಷನ್ನು ಈಗಲೇ ಆಗಬೇಕೆಂದು ಡಾಕ್ಟರು ಹೇಳುತ್ತಾರೆ. ಆಷಾಢ ಕಳೆಯಲಿ, ಶ್ರಾವಣದಲ್ಲಿ ನೋಡೋಣವೆಂದು ನಾನೇ ಮುಂದಕ್ಕೆ ಹಾಕಿದ್ದೇನೆ. ಬೆಳಿಗ್ಗೆ ಎದ್ದ ತಕ್ಷಣ ಅದು ಇರಲಿಕ್ಕಿಲ್ಲ, ಕನಸಿರಬೇಕು ಎನ್ನಿಸುತ್ತದೆ. ಕೈ ಹೋಗುತ್ತದೆ, ಅದು ಅಲ್ಲೇ ಇರುತ್ತದೆ. ದಿನವೂ ಹೊಸದಾಗಿ ತಿಳಿದ ಹಾಗಾಗುತ್ತದೆ.

ಭಾಷ್ಯಂ


ಗಂಡಸಿ
೫–೮–೧೯೫೭

ಭಾಷ್ಯಂ ಅಯ್ನೋರಿಗೆ,

ನಿಮ್ಮ ಕಾಗದ ಓದಿ ನನಗೆ ಸಿಟ್ಟು ಬಂದಿತ್ತು. ಸಿಟ್ಟಿನಲ್ಲಿ ಬರೆಯಬಾರದೆಂದು ತಡ ಮಾಡಿದೆ. ತಡ ಮಾಡಿದರೂ ಇಳಿದಿಲ್ಲ.

ಗಂಟಿಗೆ ಪಂಚಾಂಗ ಗೊತ್ತಿಲ್ಲ ಸ್ವಾಮಿ. ಆಷಾಢ ಅಂತ ಅದು ಬೆಳೆಯದೆ ಕೂರುತ್ತದೆಯೇ? ಮೈಮೇಲೆ ಬಟ್ಟೆ ಇಲ್ಲದಾಗ ಕಾಣುತ್ತದೆಯೇ ಅಂತ ಕೇಳಿದ್ದೀರಿ. ಆ ತಾಯಿಯ ಮೈ ನೋಡುವವರು ನಿಮ್ಮನ್ನು ಬಿಟ್ಟು ಬೇರೆ ಯಾರು? ನಿಮಗೇ ಅಸಹ್ಯವಾಗುತ್ತದೋ ಎಂಬ ಭಯವೇ? ಅವರ ಕೈಲಿ ಕಟ್ಟು ಹೊರಿಸಬೇಕೇ? ಎರಡು ಕಾಗದ ಬಂದವು, ಎರಡರಲ್ಲೂ ಅವರು ಆಡಿದ ಒಂದು ಮಾತಿಲ್ಲ. ಅವರಿಗೆ ಕಾಯಿಲೆಯ ಹೆಸರನ್ನಾದರೂ ಹೇಳಿದ್ದೀರೋ ಇಲ್ಲವೋ ಅಂತ ನನಗೆ ಗುಮಾನಿ.

ಇದೇ ತಿಂಗಳು ಇಪ್ಪತ್ತೆರಡನೇ ತಾರೀಕು ಹಾಸನದಲ್ಲಿ ನನಗೆ ಕೆಲಸವಿದೆ. ಅಲ್ಲಿಂದ ಬೇಲೂರಿಗೆ ಬಂದು ಅವರ ಹತ್ತಿರ ಕೂತು ಮಾತಾಡಿ ಹೋಗುತ್ತೇನೆ. ಬೇಡ ಅಂತ ಬರೆಯಬೇಡಿ. ಬರೆದರೂ ಬರುತ್ತೇನೆ.

ಹುಚ್ಚಮ್ಮ


ಗಂಡಸಿ
೨೪–೮–೧೯೫೭

ಬೇಲೂರಿನ ಭಾಷ್ಯಂ ಎಂಬುವರಿಗೆ,

ನಿಮ್ಮ ಮನೆಗೆ ಹೋಗಿದ್ದೆ. ನೀವು ಬಿಕ್ಕೋಡಿಗೆ ಕ್ಯಾಂಪು ಹೋಗಿದ್ದೀರಿ ಅಂದರು. ನಾನು ಬರುವ ದಿನ ನೋಡಿಕೊಂಡೇ ಹೋದಿರಿ ಅಂತ ಈಗ ತಿಳಿಯುತ್ತದೆ.

ನಿಮ್ಮ ಮನೆಯವರು ಬಾವಿಯಲ್ಲಿ ನೀರು ಸೇದುತ್ತಿದ್ದರು. ಎರಡೂ ಕೈ ತಲೆಯ ಮೇಲಕ್ಕೆ ಹೋಗುತ್ತಿತ್ತು. ತುಂಬಿದ ಕೊಡವನ್ನು ಸೊಂಟಕ್ಕಿಟ್ಟುಕೊಂಡು, ‘ಯಾರು ಬೇಕಮ್ಮಾ’ ಅಂದರು. ಶ್ರೀರಂಗಮ್ಮನವರು ಅಂದೆ. ‘ನಾನೇ’ ಅಂದರು. ‘ಮೈಯಲ್ಲಿ ಹುಷಾರಾಗಿದ್ದೀರಾ’ ಅಂದೆ. ‘ನನಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ’ ಅಂತ ನಕ್ಕರು. ಜಗಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟರು. ದೇವಸ್ಥಾನಕ್ಕೆ ಬಂದಿದ್ದೆ, ಬಿಸಿಲಿಗೆ ತಲೆ ಸುತ್ತಿತು ಅಂತ ಸುಳ್ಳು ಹೇಳಿ ಎದ್ದು ಬಂದೆ. ಹಳೇಬೀಡಿನ ಮೇಲೆ ಅರಸೀಕೆರೆಗೆ ಬರುವ ದಾರಿಯುದ್ದಕ್ಕೂ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದೆ.

ನನ್ನ ಒಡಹುಟ್ಟಿದ ತಮ್ಮನಿಗೂ ಹೇಳದ ಮಾತುಗಳನ್ನು ನಿಮಗೆ ಬರೆದೆ. ಹತ್ತಿಯ ದಿಂಬಿನ ವಿಷಯ ಬರೆದೆ. ಅದನ್ನೆಲ್ಲ ಕಚೇರಿಯಲ್ಲಿ ನಾಲ್ಕು ಜನರ ಮುಂದೆ ಓದಿ ನಕ್ಕಿರಾ? ಬಟ್ಟೆ ಇಲ್ಲದಾಗ ಹೇಗೆ ಕಾಣುತ್ತದೆ ಅಂತ ಕೇಳಿದಿರಲ್ಲ, ಈಗ ಅರ್ಥವಾಯಿತು. ಡಾಕ್ಟರಿಂದ ನನ್ನ ವಿಳಾಸವನ್ನು ಹೇಗೆ ತೆಗೆದುಕೊಂಡಿರೋ ದೇವರಿಗೇ ಗೊತ್ತು.

ಊರೂರಲ್ಲಿ ಕೆಟ್ಟವರಿರುತ್ತಾರೆ ಅಂತ ಕೇಳಿದ್ದೆ. ಕಾಯಿಲೆ ಬಿದ್ದ ಮುದುಕಿಯ ಎದೆಯನ್ನು ತಮಾಷೆ ಮಾಡುವವರು ಇರುತ್ತಾರೆ ಅಂತ ಗೊತ್ತಿರಲಿಲ್ಲ. ನನ್ನ ಕಾಗದಗಳನ್ನು ಒಲೆಗೆ ಹಾಕಿ.

ಹುಚ್ಚಮ್ಮ


ಬೇಲೂರು
೨೭–೮–೧೯೫೭

ತಾಯಿ ಹುಚ್ಚಮ್ಮನವರಿಗೆ,

ಕಾಗದ ಈಗ ತಾನೇ ಬಂತು. ಕಚೇರಿಯ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ. ಹರಿದು ಹಾಕುವ ಮುಂಚೆ ಒಂದು ಸಲ ಓದಿ.

ಆ ಗಂಟು ಇರುವುದು ನನ್ನ ಎದೆಯಲ್ಲಿ.

ಇದನ್ನು ಇದುವರೆಗೆ ಎಲ್ಲಿಯೂ ಬರೆದಿಲ್ಲ, ಯಾರ ಎದುರೂ ಆಡಿಲ್ಲ. ಮೈಸೂರಿನಿಂದ ಉತ್ತರ ಬಂದ ದಿನ ಡಾಕ್ಟರು ನನ್ನನ್ನು ಎದುರು ಕೂರಿಸಿಕೊಂಡರು. ಆಮೇಲೆ, ‘ಭಾಷ್ಯಂ, ಗಂಡಸರಲ್ಲಿ ಇದು ಬಹಳ ಅಪರೂಪ, ಆದರೆ ಬರುತ್ತೆ’ ಎಂದರು. ನಾನು ನಕ್ಕುಬಿಟ್ಟೆ. ನಿಜವಾಗಿ ನಕ್ಕೆ. ಹೆಂಗಸರ ಕಾಯಿಲೆ ನನಗೆ ಹೇಗೆ ಬಂದೀತು, ಚೀಟಿ ಅದಲುಬದಲಾಗಿರಬೇಕು ಎಂದೆ. ಅವರು ನಗಲಿಲ್ಲ. ನನ್ನ ಹೆಸರಿದ್ದ ಕಾಗದವನ್ನೇ ಮುಂದೆ ಇಟ್ಟರು. ಹೊಳೆನರಸೀಪುರದ ಬಸ್ಸು ಹತ್ತಿದ್ದು ಆವತ್ತೇ.

ಬಟ್ಟೆ ಇಲ್ಲದಾಗ ಕಾಣುತ್ತದೆಯೇ ಎಂದು ಕೇಳಿದ್ದು ಗೋಷ್ಠಿಯನ್ನು ನೆನೆದು. ಅಲ್ಲಿ ನಾವೆಲ್ಲ ಅಂಗಿ ತೆಗೆದು ಬರಿಮೈಯಲ್ಲಿ ಕೂರುತ್ತೇವೆ. ಹದಿನಾರನೇ ವಯಸ್ಸಿನಿಂದ ಕೂತಿದ್ದೇನೆ. ಕಟ್ಟು ಇಳಿಸುವುದು ನನ್ನ ಕಚೇರಿಯ ಕೆಲಸ. ನನ್ನ ಪ್ರಶ್ನೆಗಳನ್ನೇ ಅವಳ ಹೆಸರಿನಲ್ಲಿ ಕೇಳಿದೆ. ಗಂಡಸಿಗೆ ಇಂಥದು ಬಂದಿದೆ ಎಂದರೆ ತಾವು ನಕ್ಕುಬಿಡುತ್ತೀರೆಂದು ಹೆದರಿದೆ.

ಅವಳಿಗೆ ಗೊತ್ತಿಲ್ಲ. ಅವಳ ಎದುರು ಮೂರು ತಿಂಗಳಿಂದ ಅಂಗಿ ಬಿಚ್ಚಿಲ್ಲ. ತಾವು ಬರುವ ದಿನ ಕ್ಯಾಂಪು ಕೇಳಿ ಹಾಕಿಸಿಕೊಂಡು ಹೋದದ್ದು ನಿಜ. ಬಿಕ್ಕೋಡಿನ ಪ್ರವಾಸಿ ಬಂಗಲೆಯ ಜಗಲಿಯ ಮೇಲೆ ದಿನವಿಡೀ ಕೂತಿದ್ದೆ.

ತಮ್ಮ ಕಾಗದಗಳನ್ನು ಯಾರಿಗೂ ತೋರಿಸಿಲ್ಲ. ಒಲೆಗೂ ಹಾಕಲಾರೆ. ಕ್ಷಮಿಸಿ ಎಂದು ಕೇಳುವ ಮುಖವೂ ನನಗಿಲ್ಲ.

ಭಾಷ್ಯಂ


ಗಂಡಸಿ
೨೯–೯–೧೯೫೭

ಭಾಷ್ಯಂ ಅಯ್ನೋರಿಗೆ,

ನಿಮ್ಮ ಕಾಗದ ಬಂದು ಬಹಳ ದಿನವಾಯಿತು. ನಂಬಲಿಲ್ಲ. ಒಂದು ಸುಳ್ಳು ಮುಚ್ಚಲು ಇನ್ನೊಂದು ಅಂದುಕೊಂಡೆ. ಮತ್ತೆ ಹಾಸನಕ್ಕೆ ಹೋಗುವುದಿತ್ತು, ಹೋದಾಗ ಡಾಕ್ಟರನ್ನು ಕೇಳಿದೆ.

‘ರೋಗಿಗಳ ವಿಷಯ ಹೇಳೋ ಹಾಗಿಲ್ಲಮ್ಮ’ ಅಂದರು.

‘ಹೆಸರು ಬ್ಯಾಡ ಬುದ್ಧಿ. ಗಂಡಸರ ಎದೆಗೂ ಇದು ಬತ್ತದಾ, ಅಷ್ಟು ಹೇಳಿ ಸಾಕು.’

‘ಬರುತ್ತೆ. ನೂರರಲ್ಲಿ ಒಬ್ಬ ಸಿಕ್ಕರೆ ಹೆಚ್ಚು. ಬಂದವರೂ ನಾಚಿಕೊಂಡು ಹೇಳಲ್ಲ. ಅಷ್ಟರೊಳಗೆ ಕೈ ಮೀರಿರುತ್ತೆ.’

ಆಸ್ಪತ್ರೆಯ ಮೆಟ್ಟಿಲಿನ ಮೇಲೆಯೇ ಕೂತುಬಿಟ್ಟೆ. ನಾನು ನಿಮಗೆ ಎಂಥ ಮಾತು ಬರೆದೆ. ಸಾಯುವಷ್ಟು ಹೆದರಿದ ಮನುಷ್ಯನನ್ನು ಕೆಟ್ಟವನು ಅಂದೆ. ಆದರೆ ಅಯ್ನೋರೆ, ನಿಮಗೂ ಒಂದು ಮಾತು. ನಾನು ನಗುತ್ತಿರಲಿಲ್ಲ. ಈ ಕಾಯಿಲೆ ಬಂದವಳು ಇದಕ್ಕೆ ನಗುತ್ತಾಳೆಯೇ?

ಈಗ ಆದದ್ದು ಸಾಕು. ಜೂನಿನಿಂದ ಇವತ್ತಿಗೆ ಎಷ್ಟು ಬೆಳೆದಿದೆಯೋ. ಮೊದಲು ನಿಮ್ಮ ಮನೆಯವರಿಗೆ ಹೇಳಿ. ನೀವು ಹೇಳದಿದ್ದರೆ ನಾನು ಬಂದು ಹೇಳುತ್ತೇನೆ, ಈ ಸಲ ದೇವಸ್ಥಾನದ ಹೆಸರು ಹೇಳಿ ಎದ್ದು ಹೋಗುವುದಿಲ್ಲ.

ಹುಚ್ಚಮ್ಮ


ಬೇಲೂರು
೭–೧೦–೧೯೫೭

ಹುಚ್ಚಮ್ಮನವರಿಗೆ,

ಹೇಳಿದೆ.

ಆಯುಧಪೂಜೆ ಮುಗಿದ ಮಾರನೆಯ ಬೆಳಿಗ್ಗೆ. ಅವಳು ಅಕ್ಕಿ ಆರಿಸುತ್ತಿದ್ದಳು. ಎದುರಿಗೆ ಕೂತು ಅಂಗಿ ಬಿಚ್ಚಿದೆ. ಬಾಯಲ್ಲಿ ಹೇಳಲು ಆಗಲಿಲ್ಲ. ತೊಟ್ಟು ಒಳಕ್ಕೆ ಎಳೆದುಕೊಂಡು, ಅದರ ಪಕ್ಕದಲ್ಲಿ ಚರ್ಮ ಒಡೆದು ರಸಿ ಬರಲು ಶುರುವಾಗಿದೆ.

ಅವಳು ಮೊರ ಕೆಳಗಿಟ್ಟಳು. ‘ಬನಿಯನ್ನಲ್ಲಿ ರಕ್ತದ ಕಲೆ ನೋಡಿ, ಕಜ್ಜಿ ಇರಬೇಕು, ಹೇಳಿಕೊಳ್ಳಕ್ಕೆ ನಾಚಿಕೆ ಅಂದುಕೊಂಡಿದ್ದೆ. ಏನಿದು?’ ಎಂದಳು.

ಕಾಯಿಲೆಯ ಹೆಸರು ಹೇಳಿದೆ.

‘ಇದು ಹೆಂಗಸ್ರಿಗೆ ಅಲ್ವೇ?’

‘ನನಗೂ ಬಂದಿದೆ.’

ಗುಬ್ಬಿಗಳು ಬಂದು ಮೊರದ ಅಕ್ಕಿ ತಿನ್ನಲು ಶುರುಮಾಡಿದವು, ಅವಳು ಓಡಿಸಲಿಲ್ಲ. ತಮ್ಮ ವಿಷಯವನ್ನೂ, ನಾನು ಬರೆದ ಸುಳ್ಳನ್ನೂ ಹೇಳಿದೆ. ಆಗ ಅವಳಿಗೆ ಅಳು ಬಂತು.

‘ನನ್ನ ಹೆಸರಿಗೆ ಕಾಯಿಲೆ ಹಚ್ಚಿದಿರಿ, ಹಚ್ಚಿಕೊಳ್ಳಿ. ನನಗೊಬ್ಬಳಿಗೇ ಹೇಳಲಿಲ್ಲವಲ್ಲ. ಗುರುತಿಲ್ಲದ ಹೆಂಗಸು ಗಂಡಸಿಯಿಂದ ಬಂದು ನನ್ನ ಮೈ ಹುಷಾರೇ ಅಂತ ಕೇಳಿ ಹೋದರು. ನಾನು ಗುಂಡುಕಲ್ಲು ಅಂತ ನಕ್ಕೆ’ ಎಂದಳು.

ಆಮೇಲೆ ಎದ್ದು ಮುಖ ತೊಳೆದುಕೊಂಡು, ‘ಹಾಸನಕ್ಕೆ ಮಧ್ಯಾಹ್ನದ ಬಸ್ಸಿದೆ’ ಎಂದಳು. ಅದೇ ಬಸ್ಸಿಗೆ ಹೋದೆವು. ಡಾಕ್ಟರು ಇದೇ ಹದಿನೈದಕ್ಕೆ ಗೊತ್ತುಮಾಡಿದ್ದಾರೆ. ತಡವಾಯಿತೆಂದು ಬಾಯಿಬಿಟ್ಟು ಹೇಳಲಿಲ್ಲ. ಕಂಕುಳನ್ನು ಮತ್ತೆಮತ್ತೆ ಒತ್ತಿ ನೋಡಿದರು.

ತಮ್ಮನ್ನು ಅಕ್ಕ ಎಂದು ಕರೆಯಲು ಅಪ್ಪಣೆ ಕೊಡಿ.

ಭಾಷ್ಯಂ


ಹಾಸನ
೩–೧೧–೧೯೫೭

ಅಕ್ಕನವರಿಗೆ ನಮಸ್ಕಾರಗಳು.

ಆಪರೇಷನ್ ಆಗಿದೆ. ಬದುಕಿದ್ದೇನೆ. ಶ್ರೀರಂಗಮ್ಮ ನೆಲದ ಮೇಲೆ ಚಾಪೆ ಹಾಸಿಕೊಂಡು ಇಲ್ಲೇ ಇದ್ದಾಳೆ. ನೀವು ಕಳಿಸಿದ ಎಳನೀರು ಬಂದವು. ತಂದ ಕೆಂಚಪ್ಪನವರು ಒಳಗೆ ಬರಲು ಹಿಂಜರಿದು ಬಾಗಿಲಲ್ಲೇ ನಿಂತು, ‘ಅಕ್ಕ ಬತ್ತಿದ್ಲು, ಮೈಯಾಗೆ ಹುಷಾರಿಲ್ಲ, ಜ್ವರ’ ಎಂದರು. ಈಗ ಹೇಗಿದ್ದೀರಿ?

ನಾನಿರುವುದು ಗಂಡಸರ ವಾರ್ಡು. ಅಕ್ಕಪಕ್ಕದವರು ಕಾಲು ಮುರಿದವರು, ಹರ್ನಿಯಾದವರು. ಏನಾಗಿದೆ ಎಂದು ಕೇಳಿದರೆ ಮೊದಲ ವಾರ ‘ಕುರು’ ಎನ್ನುತ್ತಿದ್ದೆ. ಒಂದು ದಿನ ಡಾಕ್ಟರು ಮೈಸೂರಿನಿಂದ ಬಂದ ಕಿರಿಯ ಡಾಕ್ಟರುಗಳನ್ನು ಕರೆದುಕೊಂಡು ಬಂದು ನನ್ನನ್ನು ತೋರಿಸಿದರು. ನಾನು ಅಪರೂಪದವನಂತೆ. ಇನ್ನೊಬ್ಬನನ್ನು ನೋಡಲು ಅವರು ಮುದುಕರಾಗಬೇಕಾದೀತಂತೆ. ಅವರು ಬಗ್ಗಿ ನೋಡುವಾಗ ನಾನು ಸೂರಿನ ಜಂತೆಗಳನ್ನು ನೋಡುತ್ತಿದ್ದೆ. ಅವರು ಹೋದಮೇಲೆ ಮೊದಲ ಸಲ ಬಗ್ಗಿ ನಾನೂ ನೋಡಿಕೊಂಡೆ. ಅಕ್ಕ, ಅದು ನನ್ನ ಮೈ ಅಲ್ಲ ಎನ್ನಿಸಿತು. ಪಕ್ಕೆಯ ಎಲುಬುಗಳ ಮೇಲೆ ಬರೀ ಚರ್ಮ ಎಳೆದು ಹೊಲಿದಿದ್ದಾರೆ. ಕೆಳಗೆ ಗುಂಡಿಗೆ ಹೊಡೆದುಕೊಳ್ಳುವುದು ಕಣ್ಣಿಗೇ ಕಾಣುತ್ತದೆ. ನಿಮಗೂ ಹೀಗೆಯೇ ಆಗಿದೆಯಲ್ಲ, ಇದನ್ನು ಹೊತ್ತುಕೊಂಡೇ ಬೇಲೂರಿಗೆ ಬಂದಿರಲ್ಲ ಎಂದು ನೆನೆದಾಗ ಉಸಿರು ಸಿಕ್ಕಿತು.

ಗೋಡೆ ಹತ್ತಿಸುವುದನ್ನು ಶುರುಮಾಡಿದ್ದೇನೆ. ಆಸ್ಪತ್ರೆಯ ಗೋಡೆಗೆ ಇದ್ದಿಲು ಹಚ್ಚಿದ್ದಕ್ಕೆ ನರ್ಸಮ್ಮ ಬೈದರು.

ಭಾಷ್ಯಂ


ಗಂಡಸಿ
೨–೧೨–೧೯೫೭

ಭಾಷ್ಯಂ ಅಯ್ನೋರಿಗೆ,

ನೀವು ಅಕ್ಕ ಅಂದಿರಿ, ಸಂತೋಷ. ನನಗೆ ತಮ್ಮ ಅನ್ನಲು ಬಾಯಿ ಬರುವುದಿಲ್ಲ, ಅಭ್ಯಾಸವಿಲ್ಲ. ಮನಸ್ಸಿನಲ್ಲಿ ಅಂದುಕೊಳ್ಳುತ್ತೇನೆ.

ನನ್ನ ಜ್ವರ ಬಿಟ್ಟಿದೆ. ಕಾಯಿ ಕೀಳಿಸುವ ಕೆಲಸ ಬಿದ್ದದ್ದರಿಂದ ಬರಲಾಗಲಿಲ್ಲ. ಗೋಡೆ ಬಿಡಬೇಡಿ. ಗೋಷ್ಠಿಯನ್ನೂ ಬಿಡಬೇಡಿ. ದೇವರ ಮುಂದೆ ಊನದ ಮಾತು ಆಡುವವರು ಮೊದಲು ತಮ್ಮ ಬಾಯಲ್ಲಿ ಎಷ್ಟು ಹಲ್ಲಿವೆ ಅಂತ ಎಣಿಸಿಕೊಳ್ಳಲಿ.

ಹುಚ್ಚಮ್ಮ


ಬೇಲೂರು
೧೮–೨–೧೯೫೮

ಅಕ್ಕನವರಿಗೆ,

ಸಂಕ್ರಾಂತಿಯವರೆಗೆ ಗೋಷ್ಠಿಗೆ ಹೋಗಲಿಲ್ಲ. ಹೊರಗೆ ಕಂಬದ ಮರೆಯಲ್ಲಿ ನಿಂತು ಕೇಳಿಕೊಂಡು ಬರುತ್ತಿದ್ದೆ. ನಮ್ಮಲ್ಲಿ ಹಿರಿಯರು ರಾಮಾನುಜಾಚಾರ್ಯರು, ಎಂಬತ್ತು ದಾಟಿದವರು. ಒಂದು ದಿನ ಅವರು ನಡುವೆ ನಿಲ್ಲಿಸಿ, ‘ಭಾಷ್ಯಂ, ನಿನ್ನ ಗಂಟಲಿಲ್ಲದೆ ನಮ್ಮದು ಸೊರಗಿದೆ, ಒಳಗೆ ಬಾ’ ಎಂದು ಕೂಗಿದರು.

ಕಂಬದ ಮರೆಯಿಂದ ಈಚೆ ಬಂದು, ‘ಮೈ ಊನವಾಗಿದೆ ಸ್ವಾಮಿ’ ಎಂದೆ.

‘ಬಾಯಿಗೇನಾಗಿದೆ?’ ಎಂದರು.

ಹೋಗಿ ಕೂತೆ. ಉತ್ತರೀಯ ಎರಡು ಸಲ ಜಾರಿತು. ಎದುರು ಸಾಲಿನಲ್ಲಿ ಕೆಲವರು ತಲೆ ತಗ್ಗಿಸಿದರು. ಒಬ್ಬಿಬ್ಬರು ಎದ್ದು ದೂರ ಕೂತರು. ನನ್ನ ಧ್ವನಿ ಮೊದಲ ಪಾಶುರದಲ್ಲಿ ಒಡೆಯಿತು, ಆಮೇಲೆ ಸರಿಹೋಯಿತು. ನಿಮ್ಮ ಹಲ್ಲಿನ ಮಾತು ನೆನಪಾಗಿ ನಗುವೂ ಬಂತು.

ಅಕ್ಕ, ನಾನು ಕಾಗದ ಬರೆದಾಗಲೆಲ್ಲ ನೀವು ನನ್ನ ವಿಷಯವನ್ನೇ ಬರೆಯುತ್ತೀರಿ. ಜನವರಿಯಲ್ಲಿ ಎರಡು ಕಾಗದ ಹಾಕಿದೆ, ಉತ್ತರವಿಲ್ಲ. ಹೋದ ವಾರ ಹಾಸನದಲ್ಲಿ ನಿಮ್ಮ ಹೆಸರು ಎತ್ತಿದೆ. ಡಾಕ್ಟರು ಮುಖ ಬೇರೆ ಕಡೆ ತಿರುಗಿಸಿ, ‘ಅವರಿಗೆ ಬರೆಯುತ್ತಿರಿ’ ಎಂದಷ್ಟೇ ಹೇಳಿದರು. ಏನಾಗಿದೆ?

ಭಾಷ್ಯಂ


ಗಂಡಸಿ
೯–೩–೧೯೫೮

ಭಾಷ್ಯಂ ಅಯ್ನೋರಿಗೆ,

ಏನಾಗಿದೆ ಅಂತ ಕೇಳಿದಿರಿ. ಮರಳಿ ಬಂದಿದೆ.

ಹೋದ ವರ್ಷ ಆಗಸ್ಟಿನಲ್ಲಿ ಹಾಸನದಲ್ಲಿ ಕೆಲಸವಿದೆ ಅಂತ ಬರೆದಿದ್ದೆನಲ್ಲ, ಇದೇ ಆ ಕೆಲಸ. ಹಳೆ ಗಾಯದ ಗೆರೆಯ ಮೇಲೆ ಜೋಳದ ಕಾಳಿನಂಥ ಗಂಟುಗಳು ಎದ್ದಿದ್ದವು. ಬೆಳಿಗ್ಗೆ ಡಾಕ್ಟರು ನೋಡಿ ಹೇಳಿದರು. ಆರು ವರ್ಷ ಕಳೆದಮೇಲೆ ಗೆದ್ದೆ ಅಂದುಕೊಂಡಿದ್ದೆ. ಅಲ್ಲಿಂದ ನೇರ ನಿಮ್ಮ ಮನೆಗೆ ಬಂದೆ. ನಿಮ್ಮ ಮನೆಯವರಿಗೆ ಧೈರ್ಯ ಹೇಳಲು ಅಲ್ಲ ಅಯ್ನೋರೆ. ಇದೇ ಕಾಯಿಲೆಯ ಇನ್ನೊಬ್ಬಳು ಹೆಂಗಸಿದ್ದಾಳೆ, ಅವಳ ಕೈ ಹಿಡಿದುಕೊಂಡು ಒಂದು ಗಳಿಗೆ ಅತ್ತು ಬರೋಣ ಅಂತ ಬಂದೆ. ನೋಡಿದರೆ ಅವರು ನೀರು ಸೇದುತ್ತಿದ್ದರು. ಆ ಸಿಟ್ಟೆಲ್ಲ ನಿಮ್ಮ ಮೇಲಿನದು ಮಾತ್ರವಲ್ಲ.

ಬೆಂಗಳೂರಿಗೆ ಹೋಗಿ ಗಂಟು ಸುಡುವ ಎಕ್ಸ್‌ರೇ ಕೊಡಿಸಿಕೊಳ್ಳಬೇಕು ಅಂತ ಡಾಕ್ಟರು ಆವತ್ತಿಂದ ಹೇಳುತ್ತಿದ್ದಾರೆ. ನಿಮಗೆ ಪಂಚಾಂಗದ ಮಾತು ಬರೆದವಳು ನಾನು ಇಲ್ಲಿ ಕಾಯಿ ಕೀಳಿಸಬೇಕು, ರಾಗಿ ಬಡಿಸಬೇಕು ಅಂತ ಒಂದೊಂದು ನೆವ ಹೇಳಿಕೊಂಡು ಕೂತಿದ್ದೇನೆ. ನಿಮಗೆ ಹೇಳಲಿಲ್ಲ. ಹುಚ್ಚಮ್ಮ ಬದುಕಿದ್ದಾಳೆ ಅನ್ನುವ ಒಂದೇ ಮಾತು ಹಿಡಿದುಕೊಂಡು ನೀವು ಟೇಬಲ್ಲಿನ ಮೇಲೆ ಮಲಗಲು ಹೊರಟಿದ್ದಿರಿ. ಅದನ್ನು ಹೇಗೆ ಕಿತ್ತುಕೊಳ್ಳಲಿ?

ಕೆಂಚಪ್ಪ ಬೆಂಗಳೂರಿಗೆ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಾನೆ. ಅವನು ಒಳ್ಳೆಯವನೇ. ಆದರೆ ಅವನ ಮುಂದೆ ನಾನು ಗಟ್ಟಿಗಿತ್ತಿಯಾಗಿಯೇ ಇರಬೇಕು. ನನಗೆ ಹೆದರಿಕೆಯಾಗಿದೆ. ಇದನ್ನು ಬರೆದದ್ದು ಇದೇ ಮೊದಲು.

ಹುಚ್ಚಮ್ಮ


ಬೇಲೂರು
೧೧–೩–೧೯೫೮

ಅಕ್ಕ,

ಕಾಗದವನ್ನು ಶ್ರೀರಂಗಮ್ಮನ ಕೈಗೆ ಕೊಟ್ಟೆ. ಪೂರ್ತಿ ಓದಲು ನನಗೆ ಆಗಲಿಲ್ಲ. ಅವಳು ಗಟ್ಟಿಯಾಗಿ ಓದುತ್ತ ನಡುವೆ ನಿಂತಳು. ‘ಜಗಲಿಯ ಮೇಲೆ ಕೂರಿಸಿ ಕಳಿಸಿಬಿಟ್ಟೆನಲ್ಲ’ ಎಂದಳು, ಮತ್ತೆ ಓದಿದಳು. ಮುಗಿದ ತಕ್ಷಣ ಟ್ರಂಕು ಇಳಿಸಿದಳು.

ನಾನು ರಜೆ ಬರೆದುಕೊಟ್ಟಿದ್ದೇನೆ. ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇವೆ. ಅರಸೀಕೆರೆಯಿಂದ ರೈಲಿನಲ್ಲಿ ಎಲ್ಲರೂ ಒಟ್ಟಿಗೆ ಬೆಂಗಳೂರಿಗೆ ಹೋಗೋಣ. ಈ ಕಾಗದ ನಿಮಗೆ ತಲುಪುವ ಹೊತ್ತಿಗೆ ನಾವು ನಿಮ್ಮ ಮನೆಯಲ್ಲಿರುತ್ತೇವೆ.

ಭಾಷ್ಯಂ


ಬೆಂಗಳೂರು
೨೭–೪–೧೯೫೮

ಭಾಷ್ಯಂ ಅಯ್ನೋರಿಗೆ,

ಸುಖವಾಗಿ ಊರು ಸೇರಿದ್ದೀರಿ ಅಂದುಕೊಂಡಿದ್ದೇನೆ. ಎಕ್ಸ್‌ರೇ ಕೊಡುವುದು ಇನ್ನೊಂದು ವಾರವಿದೆ. ಎದೆಯ ಚರ್ಮ ಬಾಣಲೆಯ ತಳದ ಹಾಗೆ ಕಪ್ಪಾಗಿದೆ. ಊಟ ರುಚಿಸುವುದಿಲ್ಲ. ಕಾಳಿನಂಥ ಗಂಟುಗಳು ಒಣಗುತ್ತಿವೆ ಅಂತ ಇಲ್ಲಿಯ ಡಾಕ್ಟರು ಹೇಳಿದರು. ಪೂರ್ತಿ ಹೋಗುತ್ತದೆಯೇ ಅಂತ ಕೇಳಿದೆ. ಅದನ್ನು ಮಾತ್ರ ಹೇಳಲಿಲ್ಲ. ಕೇಳುವಾಗ ಶ್ರೀರಂಗಮ್ಮನವರು ನನ್ನ ಕೈ ಹಿಡಿದುಕೊಂಡಿದ್ದರು. ನಿನ್ನೆ ನಾನು ಊಟ ಬೇಡ ಅಂದಾಗ ಅವರೇ ಅನ್ನ ಕಲೆಸಿ ಬಾಯಿಗಿಟ್ಟರು. ತಿಂದೆ.

ನಿಮಗೆ ಬರೆಯಬೇಕಾದದ್ದು ಬೇರೆ ಇದೆ. ನೀವು ಹೊರಟ ದಿನದ ವಿಷಯ.

ನನ್ನ ಪಕ್ಕದ ಮಂಚದಲ್ಲಿದ್ದಳಲ್ಲ ಮಾದಮ್ಮ ಅಂತ, ತಿಪಟೂರು ಕಡೆಯವಳು. ಆಪರೇಷನ್ ಆದಾಗಿನಿಂದ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಊಟ ಇಲ್ಲ, ಮಾತಿಲ್ಲ. ಮೈಮೇಲೆ ಹೊದ್ದ ಸೀರೆಯನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ನಾನೂ, ಶ್ರೀರಂಗಮ್ಮನವರೂ ಎಷ್ಟು ಹೇಳಿದರೂ ಕೇಳಿರಲಿಲ್ಲ. ನೀವು ರೈಲಿಗೆ ಹೊರಟವರು ನನಗೆ ಹೇಳಿ ಹೋಗಲು ಬಂದಿರಿ. ಸಂದರ್ಶಕರ ಹೊತ್ತು, ವಾರ್ಡಿನ ತುಂಬ ಜನ. ಅವಳ ಗಂಡ ಪಕ್ಕದಲ್ಲಿ ಕೂತು, ‘ಒಂದ್ ತುತ್ತು ತಿನ್ನು’ ಅಂತ ಗೋಗರೆಯುತ್ತಿದ್ದ. ‘ನನ್ನಂಗೆ ಆಗಿದ್ರೆ ನಿಂಗೆ ಗೊತ್ತಾಗ್ತಿತ್ತು’ ಅಂದಳು ಅವಳು.

ನೀವು ಅಲ್ಲೇ ನಿಂತಿರಿ. ಕೊಡೆಯನ್ನು ಮಂಚಕ್ಕೆ ಒರಗಿಸಿ ಅಂಗಿಯ ಗುಂಡಿ ಬಿಚ್ಚಿದಿರಿ. ನಾನು ನೋಡುತ್ತಿದ್ದರೂ ನಂಬಲಾಗಲಿಲ್ಲ. ಅಷ್ಟು ಹೆಂಗಸರ ಮುಂದೆ, ಅಷ್ಟು ಗಂಡಸರ ಮುಂದೆ. ‘ತಾಯಿ, ಇಲ್ಲಿ ನೋಡಿ’ ಅಂದಿರಿ. ಅವಳು ತಿರುಗಿ ನೋಡಿದಳು. ‘ಅಯ್ಯೋ, ನಿಮಗ್ಯಾಕೆ ಬಂತು ಸ್ವಾಮಿ?’ ಅಂದಳು. ‘ಗೊತ್ತಿಲ್ಲ ತಾಯಿ’ ಅಂದಿರಿ. ಅಷ್ಟೇ ಹೇಳಿ, ಗುಂಡಿಯನ್ನು ಮೇಲೆ ಕೆಳಗೆ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಹೊರಟುಬಿಟ್ಟಿರಿ. ಆದ್ದರಿಂದ ಆಮೇಲಿನದು ನಿಮಗೆ ಗೊತ್ತಿಲ್ಲ.

ಅವಳು ಬಾಗಿಲ ಕಡೆ ಹೊರಳಿದಳು. ಎದ್ದು ಕೂರಲು ಹೋದಳು, ಆಗಲಿಲ್ಲ. ಗಂಡ ಬೆನ್ನಿಗೆ ಕೈ ಕೊಟ್ಟ, ಬೇಡ ಅನ್ನಲಿಲ್ಲ.

‘ಮಾದಮ್ಮನ ಗಂಜಿ ಆರೋಯ್ತೇನೋ’ ಅಂತ ಶ್ರೀರಂಗಮ್ಮನವರು ಬಿಸಿ ಮಾಡಿಸಿಕೊಂಡು ಬರಲು ಎದ್ದರು.

‘ಇರ್ಲಿ ಬುಡ್ರವ್ವ, ಹಂಗೇ ಕೊಡಿ’ ಅಂತ ಕೈ ಚಾಚಿದಳು.

ಹುಚ್ಚಮ್ಮ